ಕನ್ಸಲ್ಟಿಂಗ್ ಉದ್ಯೋಗ: ಮಕ್ಕಳನ್ನು ಕಳಿಸುವ ಮನೆಗಳಿಗೆ ಕೆಲವು ಮಾತು

ವಧೂವರರ ಪರಿಚಯ ಪತ್ರಗಳಲ್ಲಿ ಒಂದು ಕಾಲಕ್ಕೆ 'ಬ್ಯಾಂಕ್ ನೌಕರಿ', 'ಇಂಜಿನಿಯರ್', 'ಸ್ವಂತ ವ್ಯಾಪಾರ' ಎಂಬ ಶಬ್ದಗಳೇ ಹೆಚ್ಚಾಗಿ ಕಾಣುತ್ತಿದ್ದವು. ಈಗ ಅವುಗಳ ಸಾಲಿಗೆ 'ಕನ್ಸಲ್ಟಂಟ್' ಎಂಬ ಶಬ್ದವೂ ಸೇರಿದೆ. ಸೊಲ್ಲಾಪುರದ ಹುಡುಗ ಗುರುಗ್ರಾಮದಲ್ಲಿ ಕನ್ಸಲ್ಟಂಟ್, ಆದೋನಿಯ ಹುಡುಗಿ ಹೈದರಾಬಾದಿನಲ್ಲಿ ಕನ್ಸಲ್ಟಂಟ್, ಕಲ್ಪೆಟ್ಟದ ಕಾಫಿ ತೋಟದ ಮನೆಯ ಮಗ ಮುಂಬಯಿಯಲ್ಲಿ ಕನ್ಸಲ್ಟಂಟ್. ಆದರೆ 'ನಿಮ್ಮ ಮಗ ನಿತ್ಯ ಮಾಡುವ ಕೆಲಸವಾದರೂ ಏನು?' ಎಂದು ಯಾರಾದರೂ ಕೇಳಿದರೆ ತಂದೆತಾಯಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. 'ಏನೋ, ಕಂಪನಿಗಳಿಗೆ ಸಲಹೆ ಕೊಡತಾನಂತ್ರೀ' ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಇಪ್ಪತ್ನಾಲ್ಕು ವರ್ಷದ ಹುಡುಗ ನಲವತ್ತು ವರ್ಷ ಕಾರಖಾನೆ ನಡೆಸಿದವರಿಗೆ ಕೊಡುವ ಸಲಹೆ ಎಂಥದಿರಬಹುದು ಎಂಬ ಸಂಶಯ ಮನೆಯ ಹಿರಿಯರಿಗೆ ಇದ್ದೇ ಇರುತ್ತದೆ. ಆ ಸಂಶಯ ಅಯೋಗ್ಯವೇನೂ ಅಲ್ಲ.

ಈ ತಿಂಗಳ ಅಂಕಣವನ್ನು ಈ ಉದ್ಯೋಗಕ್ಕೆ ಮೀಸಲಿಡಲು ನಮಗೆ ಬಂದ ಪತ್ರಗಳೇ ಕಾರಣ. ಪದವಿಯ ಕೊನೆಯ ವರ್ಷದಲ್ಲಿರುವ ಮಕ್ಕಳ ತಂದೆತಾಯಿಗಳೇ ಹೆಚ್ಚಾಗಿ ಬರೆದಿದ್ದಾರೆ. ಸಂಬಳ ಎಷ್ಟು, ವಿದೇಶಕ್ಕೆ ಕಳಿಸುತ್ತಾರೆಯೇ, ನೌಕರಿ ಕಾಯಂ ಆಗುವುದು ಯಾವಾಗ ಎಂಬ ಮೂರು ಪ್ರಶ್ನೆಗಳು ತಿರುತಿರುಗಿ ಬಂದಿವೆ. ಮೂರರಲ್ಲಿ ಕೊನೆಯದೇ ಮುಖ್ಯವಾದದ್ದು. ಅದಕ್ಕೆ ಉತ್ತರ 'ಬಹುಮಟ್ಟಿಗೆ ಆಗುವುದೇ ಇಲ್ಲ' ಎಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು. ಹಾಗಿದ್ದರೂ ಈ ದಾರಿ ಹಿಡಿಯಬಹುದೇ, ಹಿಡಿದರೆ ಮನೆಯವರು ಯಾವುದಕ್ಕೆ ಸಿದ್ಧರಾಗಿರಬೇಕು ಎಂಬುದನ್ನು ನೋಡೋಣ.

ಜತ್ತ, ಪಂಢರಪುರದ ಕಡೆ ದ್ರಾಕ್ಷಿ ತೋಟ ಇರುವವರಿಗೆ ಕನ್ಸಲ್ಟಂಟ್ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಟೋಬರ್ ಚಾಟ್ನಿಗೆ ಮುನ್ನ ಒಬ್ಬರು ತೋಟಕ್ಕೆ ಬರುತ್ತಾರೆ. ಬಳ್ಳಿ ನೋಡುತ್ತಾರೆ, ಮಣ್ಣು ನೋಡುತ್ತಾರೆ, ಎಲೆಯ ತೊಟ್ಟುಗಳನ್ನು ಪರೀಕ್ಷೆಗೆ ಕಳಿಸಲು ಹೇಳುತ್ತಾರೆ, ಯಾವ ದಿನ ಕತ್ತರಿ ಹಾಕಬೇಕು, ಯಾವ ಗೊಬ್ಬರ ಎಷ್ಟು ಬೇಕು ಎಂದು ಬರೆದುಕೊಟ್ಟು ತಮ್ಮ ಫೀ ತೆಗೆದುಕೊಂಡು ಮುಂದಿನ ತೋಟಕ್ಕೆ ಹೋಗುತ್ತಾರೆ. ತೋಟ ಅವರದಲ್ಲ, ನೀರು ಹಾಯಿಸುವವರು ಅವರಲ್ಲ, ಅಕಾಲ ಮಳೆ ಬಂದರೆ ನಷ್ಟವೂ ಅವರದಲ್ಲ. ಆದರೂ ಮಾಲಕರು ಅವರನ್ನು ಕರೆಸುತ್ತಾರೆ. ಏಕೆಂದರೆ ಮಾಲಕರು ನೋಡಿರುವುದು ತಮ್ಮ ತೋಟವೊಂದನ್ನೇ, ಅವರು ನೋಡಿರುವುದು ನೂರಾರು ತೋಟಗಳನ್ನು. ದೊಡ್ಡ ನಗರಗಳ ಗಾಜಿನ ಕಟ್ಟಡಗಳಲ್ಲಿ ನಡೆಯುವುದೂ ಇದೇ ವ್ಯವಹಾರ. ಬಳ್ಳಿಯ ಬದಲು ಬ್ಯಾಂಕು, ಸಿಮೆಂಟ್ ಕಂಪನಿ, ಆಸ್ಪತ್ರೆ ಅಥವಾ ರಾಜ್ಯ ಸರ್ಕಾರದ ಒಂದು ಇಲಾಖೆ ಇರುತ್ತದೆ, ಅಷ್ಟೇ. ಇಪ್ಪತ್ನಾಲ್ಕರ ಹುಡುಗ ಅಲ್ಲಿ ಸಲಹೆ ಕೊಡುವುದಿಲ್ಲ. ಸಲಹೆ ಕೊಡುವ ಹಿರಿಯರಿಗೆ ಬೇಕಾದ ಅಂಕಿ ಅಂಶ ಕಲೆಹಾಕಿ, ಸರಿನೋಡಿ, ಜೋಡಿಸಿ ಕೊಡುತ್ತಾನೆ. ಅಜ್ಜಂದಿರು ಇಷ್ಟು ತಿಳಿದರೆ ಅವರ ಸಂಶಯ ಅರ್ಧ ತೀರುತ್ತದೆ.

ಕನ್ನಡಿಗರಿಗೆ ಈ ವೃತ್ತಿ ಹೊಸದೇನೂ ಅಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಆಗ ಮುಂಬಯಿ ಸರ್ಕಾರದ ಸೇವೆಯಿಂದ ಹೊರಬಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ವಿಶೇಷ ಸಲಹಾ ಇಂಜಿನಿಯರ್ ಎಂದು ಕರೆಸಿಕೊಂಡಿತು. 1909ರಲ್ಲಿ ಅವರು ಮಳೆಯ ಲೆಕ್ಕ, ನದಿಯ ಹರಿವಿನ ಲೆಕ್ಕ ಹಿಡಿದು, ನಗರದ ಮೇಲ್ಭಾಗದಲ್ಲಿ ನೀರು ತಡೆದು ನಿಲ್ಲಿಸುವ ಜಲಾಶಯಗಳನ್ನು ಕಟ್ಟಬೇಕೆಂದು ಹೇಳಿದರು. ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಹೊರಟರು. ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ, ಹಿಮಾಯತ್ ಸಾಗರ ಮುಗಿದದ್ದು 1927ರಲ್ಲಿ. ಅಷ್ಟರೊಳಗೆ ಸಲಹೆ ಕೊಟ್ಟವರು ಮೈಸೂರಿನ ದಿವಾನರಾಗಿ, ಆ ಹುದ್ದೆಯನ್ನೂ 1918ರಲ್ಲಿ ಬಿಟ್ಟಾಗಿತ್ತು. ಕಲ್ಲು ಹೊತ್ತವರು ಬೇರೆ, ಕಟ್ಟಿಸಿದ ಇಂಜಿನಿಯರುಗಳು ಬೇರೆ, ಜಲಾಶಯಗಳಿಗೆ ಇಟ್ಟ ಹೆಸರು ಅರಸು ಮನೆತನದ್ದು.

ಎಲ್ಲ ಸಲಹೆಗೂ ಇಷ್ಟು ಭಾಗ್ಯ ಇರುವುದಿಲ್ಲ. 1930ರ ದಶಕದಲ್ಲಿ ಇದೇ ವಿಶ್ವೇಶ್ವರಯ್ಯನವರು ನಮ್ಮ ದೇಶದಲ್ಲೇ ಮೋಟಾರು ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಸೊಲ್ಲಾಪುರದಲ್ಲಿ ಹುಟ್ಟಿದ ನಮ್ಮ ಸಮಾಜದ ವಾಲಚಂದ ಹಿರಾಚಂದರು ಅದರಲ್ಲಿ ಕೈಜೋಡಿಸಿದರು. ಕಾರಖಾನೆ ಮೈಸೂರು ಸಂಸ್ಥಾನದಲ್ಲಿ ಆಗಬೇಕೆಂಬ ಪ್ರಯತ್ನಕ್ಕೆ ಅಂದಿನ ಬ್ರಿಟಿಷ್ ಸರ್ಕಾರದಿಂದ ನೆರವು ದೊರೆಯಲಿಲ್ಲ. ವಾಲಚಂದರು ಕೊನೆಗೆ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದರು. ಅಷ್ಟು ದೊಡ್ಡವರ ವರದಿಗೇ ಈ ಗತಿಯಾದರೆ, ಇಂದಿನ ಹುಡುಗ ರಾತ್ರಿಯಿಡೀ ಕುಳಿತು ಮಾಡಿದ ವರದಿ ಕಂಪನಿಯ ಕಪಾಟಿನಲ್ಲಿ ಧೂಳು ತಿನ್ನುವುದರಲ್ಲಿ ಆಶ್ಚರ್ಯವಿಲ್ಲ. ಮಾಡಿದ್ದು ಕಣ್ಣೆದುರು ನಿಲ್ಲಬೇಕು, ಇದು ನನ್ನದು ಎಂದು ತೋರಿಸುವಂತಿರಬೇಕು ಎಂಬ ಸ್ವಭಾವದ ಮಕ್ಕಳು ಇರುತ್ತಾರೆ. ಅಂಥವರಿಗೆ ಈ ಕೆಲಸ ಒಗ್ಗುವುದಿಲ್ಲ. ಅವರು ಕಾರಖಾನೆಗೋ ಸ್ವಂತ ವ್ಯಾಪಾರಕ್ಕೋ ಹೋಗುವುದೇ ಲೇಸು.

ಸಂಸ್ಥೆಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಜೇಮ್ಸ್ ಮೆಕಿನ್ಸಿ 1926ರಲ್ಲಿ ತೆರೆದ ಸಂಸ್ಥೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1963ರಲ್ಲಿ, ಬೇನ್ 1973ರಲ್ಲಿ ಹುಟ್ಟಿದವು. ಕಂಪನಿ ಯಾವ ವ್ಯಾಪಾರಕ್ಕೆ ಇಳಿಯಬೇಕು, ಯಾವುದನ್ನು ಬಿಡಬೇಕು ಎಂಬಂಥ ದೊಡ್ಡ ಪ್ರಶ್ನೆಗಳು ಇವರ ಬಳಿಗೆ ಬರುತ್ತವೆ. ಇವರು ತೆಗೆದುಕೊಳ್ಳುವ ಹುಡುಗರ ಸಂಖ್ಯೆ ಬಹಳ ಕಡಿಮೆ. ಡೆಲಾಯ್ಟ್, ಪಿ.ಡಬ್ಲ್ಯು.ಸಿ., ಇ.ವೈ., ಕೆ.ಪಿ.ಎಂ.ಜಿ. ಎಂಬ ನಾಲ್ಕು ಲೆಕ್ಕಪರಿಶೋಧನೆಯ ಹಿನ್ನೆಲೆಯ ಸಂಸ್ಥೆಗಳು ಇವರಿಗಿಂತ ಎಷ್ಟೋ ಹೆಚ್ಚು ಮಂದಿಗೆ ಕೆಲಸ ಕೊಡುತ್ತವೆ. ನಮ್ಮ ಸಿ.ಎ. ಮಾಡಿದ ಮಕ್ಕಳು ಹೆಚ್ಚಾಗಿ ಸೇರುವುದೂ ಇಲ್ಲಿಗೇ. ಇನ್ನು 1968ರಲ್ಲಿ ಆರಂಭವಾದ ಟಾಟಾ ಕನ್ಸಲ್ಟನ್ಸಿ ಸರ್ವೀಸಸ್ಸಿನ ಹೆಸರಿನಲ್ಲಿ ಕನ್ಸಲ್ಟನ್ಸಿ ಇದ್ದರೂ ಅಲ್ಲಿನ ಬಹುಪಾಲು ಕೆಲಸ ಕಂಪ್ಯೂಟರ್ ತಂತ್ರಾಂಶದ್ದು. ಆದ್ದರಿಂದ ಹುಡುಗ 'ಕನ್ಸಲ್ಟಂಟ್' ಎಂದಾಗ ಯಾವ ಬಗೆಯದು ಎಂದು ಇನ್ನೊಂದು ಪ್ರಶ್ನೆ ಕೇಳಲೇಬೇಕು. ಹೆಣ್ಣು ಕೊಡುವವರಂತೂ ತಪ್ಪದೆ ಕೇಳಬೇಕು!

ಸೇರುವ ಪರೀಕ್ಷೆ ವಿಚಿತ್ರವಾಗಿರುತ್ತದೆ. ಪುಸ್ತಕದ ಪ್ರಶ್ನೆ ಕೇಳುವುದಿಲ್ಲ. 'ಒಂದು ಲಕ್ಷ ಜನಸಂಖ್ಯೆಯ ಊರಿನಲ್ಲಿ ವರ್ಷಕ್ಕೆ ಎಷ್ಟು ಶಾಲಾ ಚೀಲ ಮಾರಾಟವಾಗಬಹುದು?' ಎಂಬಂಥ ಪ್ರಶ್ನೆ ಹಾಕಿ ಒಂದು ಹಾಳೆ, ಪೆನ್ಸಿಲ್ ಕೊಡುತ್ತಾರೆ. ಉತ್ತರ ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ. ಹುಡುಗ ಹೇಗೆ ಯೋಚಿಸುತ್ತಾನೆ ಎಂಬುದನ್ನು ಅವರು ನೋಡುತ್ತಾರೆ. ಶಾಲೆಗೆ ಹೋಗುವ ವಯಸ್ಸಿನವರು ಐದರಲ್ಲಿ ಒಂದು ಪಾಲು ಎಂದು ಹಿಡಿದರೆ ಇಪ್ಪತ್ತು ಸಾವಿರ ಮಕ್ಕಳು. ಒಂದು ಚೀಲ ಸುಮಾರು ಒಂದೂವರೆ ವರ್ಷ ಬಾಳಿದರೆ ವರ್ಷಕ್ಕೆ ಹದಿಮೂರು ಸಾವಿರದ ಮೇಲೆ. ಅಣ್ಣನ ಚೀಲ ತಮ್ಮನಿಗೆ ಹೋಗುವುದನ್ನು ಕಳೆಯಬೇಕು, ಕಾಲೇಜಿನವರನ್ನು ಕೂಡಬೇಕು. ಹೀಗೆ ಬಾಯಿಬಿಟ್ಟು ಹೇಳುತ್ತಾ ಲೆಕ್ಕ ಹಾಕಬೇಕು. ಆಮೇಲೆ, 'ಒಬ್ಬ ಅಂಗಡಿಕಾರನ ಲಾಭ ಈ ವರ್ಷ ಕುಸಿದಿದೆ, ಏಕೆ?' ಎಂದು ಕೇಳುತ್ತಾರೆ. ಗಿರಾಕಿ ಕಡಿಮೆಯಾದರೋ, ಬೆಲೆ ಇಳಿಸಿದನೋ, ಖರೀದಿ ದುಬಾರಿಯಾಯಿತೋ, ಉದ್ರಿ ವಸೂಲಿಯಾಗಲಿಲ್ಲವೋ, ಬಾಡಿಗೆ ಏರಿತೋ ಎಂದು ಒಂದೊಂದಾಗಿ ಬಿಡಿಸಬೇಕು. ಸಂಜೆ ಹೊತ್ತು ಅಂಗಡಿಯ ಗಾದಿಯ ಮೇಲೆ ಅಪ್ಪನ ಪಕ್ಕದಲ್ಲಿ ಕುಳಿತು ಕೀರ್ದಿ ಬರೆದ ಮಕ್ಕಳಿಗೆ ಈ ಪ್ರಶ್ನೆ ಹೊಸದಲ್ಲ. ಅಂಗಡಿಯಲ್ಲಿ ಕಲಿತದ್ದನ್ನು ಹೇಳಲು ಅವರು ಸಂಕೋಚಪಡುತ್ತಾರೆ ಅಷ್ಟೇ. ಸಂಕೋಚ ಬೇಡ. ಪೇಟೆಯ ಲೆಕ್ಕ ಬಲ್ಲ ಹುಡುಗನನ್ನು ಸಂದರ್ಶಕರು ಕೀಳಾಗಿ ನೋಡುವುದಿಲ್ಲ.

ಸೇರಿದ ಮೇಲಿನ ಮೊದಲ ಎರಡು ವರ್ಷ ಮನೆಯವರಿಗೆ ಮಗ ಫೋನಿನಲ್ಲೂ ಸರಿಯಾಗಿ ಸಿಗುವುದಿಲ್ಲ. ವಾರಕ್ಕೆ ಅರವತ್ತು ಎಪ್ಪತ್ತು ಗಂಟೆಯ ದುಡಿಮೆ ಅಲ್ಲಿ ಸಾಮಾನ್ಯ. ವರದಿ ಒಪ್ಪಿಸುವ ವಾರದಲ್ಲಿ ಅದಕ್ಕೂ ಲೆಕ್ಕವಿಲ್ಲ. ಸೋಮವಾರ ನಸುಕಿನ ವಿಮಾನ ಹಿಡಿದು ಗಿರಾಕಿ ಕಂಪನಿಯ ಊರಿಗೆ ಹೋಗಿ ಗುರುವಾರವೋ ಶುಕ್ರವಾರವೋ ಮರಳುವುದು ಹಲವು ಕಡೆ ಇರುವ ಪದ್ಧತಿ. 2020ರ ಕೊರೋನಾ ಕಾಲದ ನಂತರ ಮನೆಯಿಂದಲೂ ಕೆಲವು ದಿನ ಕೆಲಸ ಮಾಡುವ ರೂಢಿ ಬಂದಿದೆಯಾದರೂ ಪ್ರಯಾಣ ತಪ್ಪಿಲ್ಲ. ಪಂಚತಾರಾ ಹೋಟೆಲಿನ ಕೋಣೆಯ ಫೋಟೋ ನೋಡಿ ಮನೆಯವರು ಹಿಗ್ಗುತ್ತಾರೆ. ಅದೇ ಕೋಣೆಯಲ್ಲಿ ರಾತ್ರಿ ಒಂದು ಗಂಟೆಗೆ ಹುಡುಗ ಅಂಕಿಗಳ ಕೋಷ್ಟಕವನ್ನು ಮೂರನೆಯ ಸಲ ತಿದ್ದುತ್ತಿರುತ್ತಾನೆ.

ಊಟದ ವಿಷಯ ನಮ್ಮ ಮನೆಗಳಿಗೆ ಚಿಕ್ಕದಲ್ಲ. ದೊಡ್ಡ ವಿಮಾನ ಸಂಸ್ಥೆಗಳಲ್ಲಿ ಜೈನ ಊಟಕ್ಕೆಂದೇ 'ವಿ.ಜೆ.ಎಂ.ಎಲ್.' ಎಂಬ ಸಂಕೇತವಿದೆ. ಮುಂಗಡವಾಗಿ ತಿಳಿಸಿದರೆ ಗೆಡ್ಡೆಗೆಣಸು ಇಲ್ಲದ ಊಟ ಸಿಗುತ್ತದೆ. ಸಿಗದಿರುವುದು ಸೂರ್ಯಾಸ್ತಕ್ಕೆ ಮುನ್ನ ಊಟ ಮಾಡುವ ಬಿಡುವು. ಆರು ಗಂಟೆಗೆ ಆರಂಭವಾದ ಸಭೆ ಒಂಬತ್ತಕ್ಕೆ ಮುಗಿಯುತ್ತದೆ. ನಿಯಮ ಹಿಡಿದ ಕೆಲವರು ಐದು ಗಂಟೆಗೆ ಡಬ್ಬಿ ಬಿಚ್ಚಿ ಉಂಡೇ ಸಭೆಗೆ ಹೋಗುತ್ತಾರೆ, ಜೊತೆಯವರೂ ನಾಲ್ಕು ದಿನ ನೋಡಿ ಒಗ್ಗಿಕೊಳ್ಳುತ್ತಾರೆ. ಮೊದಲ ವಾರವೇ ತಂಡದ ಹಿರಿಯರಿಗೆ ನೇರವಾಗಿ ಹೇಳಿಬಿಡಬೇಕು. ಆರು ತಿಂಗಳು ಹೇಳದೆ ಇದ್ದು ಆಮೇಲೆ ಹೇಳುವುದು ಕಷ್ಟವಾಗುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಮದ್ಯದ ಕಂಪನಿ, ಮಾಂಸ ಸಂಸ್ಕರಣೆಯ ಕಂಪನಿ, ತಂಬಾಕಿನ ಕಂಪನಿ ಇವೂ ಸಲಹಾ ಸಂಸ್ಥೆಗಳ ಗಿರಾಕಿಗಳೇ. 'ಈ ಕೆಲಸಕ್ಕೆ ನನ್ನನ್ನು ಹಾಕಬೇಡಿ' ಎಂದು ಹೇಳಲು ಸಾಧ್ಯವೇ ಎಂದು ಒಬ್ಬ ತಾಯಿ ಕೇಳಿದ್ದಾರೆ. ದೊಡ್ಡ ಸಂಸ್ಥೆಗಳಲ್ಲಿ ಮನಸ್ಸಾಕ್ಷಿಗೆ ಒಪ್ಪದ ಕೆಲಸವನ್ನು ಬೇಡವೆನ್ನಲು ಅವಕಾಶವಿರುತ್ತದೆ. ಚಿಕ್ಕ ಸಂಸ್ಥೆಗಳಲ್ಲಿ, ಗಿರಾಕಿಗಳೇ ನಾಲ್ಕು ಮಂದಿ ಇರುವಾಗ, ಅಷ್ಟು ಸುಲಭವಲ್ಲ. ಪ್ರಶ್ನೆ ನಮ್ಮ ಆಚಾರದ್ದಷ್ಟೇ ಎಂದೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ವ್ಯಸನ ಹಿಡಿಸುವ ನೋವಿನ ಮಾತ್ರೆಗಳ ಮಾರಾಟ ಹೆಚ್ಚಿಸಲು ಔಷಧ ಕಂಪನಿಗಳಿಗೆ ಸಲಹೆ ಕೊಟ್ಟ ಪ್ರಕರಣದಲ್ಲಿ ಮೆಕಿನ್ಸಿ ಸಂಸ್ಥೆ 2021ರಲ್ಲಿ ಅಲ್ಲಿನ ರಾಜ್ಯಗಳಿಗೆ ಸುಮಾರು 57 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು. 2024ರ ಕೊನೆಯಲ್ಲಿ ಅಲ್ಲಿನ ನ್ಯಾಯ ಇಲಾಖೆಗೆ ಮತ್ತೆ 65 ಕೋಟಿ ಡಾಲರ್ ಕೊಡಲು ಒಪ್ಪಿತು. ಮಾತ್ರೆ ಮಾಡಿದವರು ಅವರಲ್ಲ, ಮಾರಿದವರೂ ಅವರಲ್ಲ. ಹೇಗೆ ಮಾರಬೇಕೆಂದು ಹೇಳಿದವರು ಅವರು. ಹಿಂಸೆಗೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳನ್ನು ಬಾಲ್ಯದಿಂದ ಕೇಳಿರುವ ನಮ್ಮ ಮಕ್ಕಳಿಗೆ ಈ ಪ್ರಕರಣವನ್ನು ವಿವರಿಸುವುದು ಕಷ್ಟವಾಗಲಾರದು.

ಅದೇ ರೀತಿ 'ಖರ್ಚು ಕಡಿತ' ಎಂಬ ಮಾತು. ಕಾಗದದ ಮೇಲೆ ಅದು ಶೇಕಡಾ ಇಂತಿಷ್ಟು ಎಂದು ಇರುತ್ತದೆ. ಕಾರಖಾನೆಯಲ್ಲಿ ಅದು ಇಂತಿಷ್ಟು ಮನೆಗಳ ಸಂಬಳ. ಕನ್ಸಲ್ಟಂಟರು ಬಂದರೆಂದರೆ ಕೆಲಸಗಾರರು ಮಾತು ನಿಲ್ಲಿಸುವುದು ಇದಕ್ಕೇ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಅಥವಾ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆದ ಗಡಿನಾಡಿನ ಹುಡುಗನಿಗೆ ಇಲ್ಲಿ ಒಂದು ಅನುಕೂಲವಿದೆ ಎಂದು ನಮ್ಮ ಅಭಿಪ್ರಾಯ. ಯಂತ್ರದ ಬಳಿ ನಿಂತವರ ಭಾಷೆಯಲ್ಲೇ ಮಾತಾಡಿಸಿದರೆ ಅವರು ಯಂತ್ರ ಎಲ್ಲಿ ನಿಲ್ಲುತ್ತದೆ, ಸಾಮಾನು ಎಲ್ಲಿ ಹಾಳಾಗುತ್ತದೆ ಎಂದು ತಾವೇ ಹೇಳುತ್ತಾರೆ. ಸರಿಯಾಗಿ ಕೇಳಿಸಿಕೊಂಡರೆ ಕೆಲವೊಮ್ಮೆ ಆಳುಗಳನ್ನು ತೆಗೆಯದೆಯೇ ಖರ್ಚು ಇಳಿಸುವ ದಾರಿ ಸಿಗುತ್ತದೆ.

ಈಗ ಕಾಯಂ ನೌಕರಿಯ ಪ್ರಶ್ನೆಗೆ ಬರೋಣ. ದೊಡ್ಡ ಸಲಹಾ ಸಂಸ್ಥೆಗಳಲ್ಲಿ 'ಏರು, ಇಲ್ಲವೇ ಹೊರಡು' ಎಂಬ ನಿಯಮವಿದೆ. ಮೆಕಿನ್ಸಿ ಸಂಸ್ಥೆಗೆ 1933ರಲ್ಲಿ ಸೇರಿ ಅದನ್ನು ಬೆಳೆಸಿದ ಮಾರ್ವಿನ್ ಬೋವರ್ ಮೂಲತಃ ವಕೀಲರು. ದೊಡ್ಡ ವಕೀಲ ಸಂಸ್ಥೆಗಳ ಶಿಸ್ತನ್ನು ಅವರು ಇಲ್ಲಿಗೆ ತಂದರು. ಎರಡು ಮೂರು ವರ್ಷಕ್ಕೊಮ್ಮೆ ಪ್ರತಿಯೊಬ್ಬನೂ ಮೇಲಿನ ಮೆಟ್ಟಿಲಿಗೆ ಏರಬೇಕು. ಏರುವ ಲಕ್ಷಣ ಕಾಣದಿದ್ದರೆ 'ಬೇರೆ ಕಡೆ ನೋಡಿಕೊಳ್ಳಿ' ಎಂದು ಮರ್ಯಾದೆಯಿಂದಲೇ ಹೇಳುತ್ತಾರೆ, ಹುಡುಕಿಕೊಳ್ಳಲು ಕೆಲವು ತಿಂಗಳ ಸಮಯ ಕೊಡುತ್ತಾರೆ. ಪಾಲುದಾರನ ಮಟ್ಟಕ್ಕೆ ತಲುಪಲು ಹತ್ತು ವರ್ಷದ ಆಸುಪಾಸು ಬೇಕು. ಜೊತೆಗೆ ಸೇರಿದವರಲ್ಲಿ ಅಲ್ಲಿಯವರೆಗೆ ಉಳಿಯುವವರು ಬೆರಳೆಣಿಕೆಯ ಮಂದಿ. ಉಳಿದವರೆಲ್ಲ ನಡುವೆ ಇಳಿಯುತ್ತಾರೆ. ಬಹಳಷ್ಟು ಮಂದಿ ತಾವಾಗಿಯೇ, ಸುಸ್ತಾಗಿ ಅಥವಾ ಬೇರೆ ಒಳ್ಳೆಯ ಕೆಲಸ ಸಿಕ್ಕಿ ಇಳಿಯುತ್ತಾರೆ.

ನಮ್ಮ ಮನೆಗಳು ತೊಡರುವುದು ಇಲ್ಲಿಯೇ. ನೌಕರಿ ಎಂದರೆ ನಿವೃತ್ತಿಯವರೆಗೆ ಇರತಕ್ಕದ್ದು ಎಂಬ ಎಣಿಕೆ ಹಿರಿಯರದು. ಮೂರನೆಯ ವರ್ಷಕ್ಕೆ ಮಗ ಸಂಸ್ಥೆ ಬಿಟ್ಟನೆಂದರೆ ಏನೋ ತಪ್ಪು ಮಾಡಿರಬೇಕೆಂದು ನೆಂಟರು ಪಿಸುಗುಟ್ಟುತ್ತಾರೆ. ಒಂದು ಮನೆಯವರು ನಿಶ್ಚಿತಾರ್ಥ ಮುಗಿಯುವವರೆಗೆ ವಿಷಯವನ್ನು ಮುಚ್ಚಿಟ್ಟರು. ಬೀಗರಿಗೆ ಮೂರನೆಯವರಿಂದ ತಿಳಿದು ದೊಡ್ಡ ಮಾತಾಯಿತು. ಮುಚ್ಚಿಡುವಂಥದ್ದು ಅಲ್ಲಿ ಏನೂ ಇರಲಿಲ್ಲ. ಹುಡುಗ ಎರಡೇ ತಿಂಗಳಲ್ಲಿ ಒಂದು ಆಹಾರ ಪದಾರ್ಥಗಳ ಕಂಪನಿಯಲ್ಲಿ ಮೊದಲಿಗಿಂತ ಕಡಿಮೆ ಸಂಬಳಕ್ಕಾದರೂ ಹೆಚ್ಚಿನ ಜವಾಬ್ದಾರಿಯ ಹುದ್ದೆಗೆ ಸೇರಿದ್ದ, ಸಂಜೆ ಏಳಕ್ಕೆ ಮನೆಗೆ ಬರುತ್ತಿದ್ದ. ಈ ವೃತ್ತಿಯ ರೂಢಿಯೇ ಹಾಗೆ. ಬೇರೆ ಬೇರೆ ಕಂಪನಿಗಳಲ್ಲಿ ಮೇಲಿನ ಹುದ್ದೆಗಳಲ್ಲಿ ಇರುವ ಎಷ್ಟೋ ಮಂದಿ ಸಲಹಾ ಸಂಸ್ಥೆಗಳಲ್ಲಿ ಕೆಲವು ವರ್ಷ ಪಳಗಿ ಬಂದವರು. ಆದ್ದರಿಂದ ಹೊರಡುವ ಮೊದಲೇ ಮನೆಯಲ್ಲಿ ಕುಳಿತು, 'ಮೂರು ವರ್ಷ ಕಲಿಯಲಿಕ್ಕೆ ಹೋಗುತ್ತೀಯೆ, ಆಮೇಲೆ ಏನು?' ಎಂದು ಮಾತಾಡಿಕೊಳ್ಳುವುದು ಒಳ್ಳೆಯದು. ಗುರುಗಳ ಮನೆಯಲ್ಲಿ ಪಾಠ ಮುಗಿಸಿ ಬಂದ ಶಿಷ್ಯನನ್ನು ಯಾರೂ ಓಡಿಸಿದರು ಎನ್ನುವುದಿಲ್ಲವಲ್ಲ.

ಸಲಹೆ ಕೊಡುವ ಕುರ್ಚಿಯಿಂದ ನಡೆಸುವ ಕುರ್ಚಿಗೆ ಹೋಗುವುದು ಸುಲಭವೆಂದೂ ಭಾವಿಸಬಾರದು. ಮೇಲೆ ಹೇಳಿದ ಜೇಮ್ಸ್ ಮೆಕಿನ್ಸಿಯವರನ್ನೇ ನೋಡಿ. ಶಿಕಾಗೋದ ಮಾರ್ಷಲ್ ಫೀಲ್ಡ್ ಎಂಬ ಭಾರೀ ಅಂಗಡಿಯ ವ್ಯವಹಾರವನ್ನು ಅವರ ಸಂಸ್ಥೆ ಪರೀಕ್ಷಿಸಿ ಸಲಹೆ ಕೊಟ್ಟಿತು. 'ಹಾಗಾದರೆ ನೀವೇ ಬಂದು ಮಾಡಿ' ಎಂದು ಮಾಲಕರು 1935ರಲ್ಲಿ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ತಾವು ಹೇಳಿದ ಕಡಿತಗಳನ್ನು ತಾವೇ ಜಾರಿಗೆ ತರಬೇಕಾಯಿತು. ಕೆಲಸ ಕಳೆದುಕೊಂಡವರ ಸಿಟ್ಟು, ಒಳಗಿನವರ ವಿರೋಧ ಎಲ್ಲವನ್ನೂ ಎದುರಿಸಿದರು. 1937ರಲ್ಲಿ, ನಲವತ್ತೆಂಟನೆಯ ವಯಸ್ಸಿಗೇ, ನ್ಯುಮೋನಿಯಾದಿಂದ ತೀರಿಕೊಂಡರು.

ಇನ್ನು ಬಾಯಿಯ ಶಿಸ್ತು. ವ್ಯಾಪಾರಸ್ಥರ ಮನೆಗಳಲ್ಲಿ ಊಟಕ್ಕೆ ಕುಳಿತಾಗ ಶೇರು ಪೇಟೆಯ ಮಾತು ಬರುವುದು ಸಹಜ. ಮಗ ಯಾವ ಕಂಪನಿಗೆ ಸಲಹೆ ಕೊಡುತ್ತಿದ್ದಾನೆ, ಅದನ್ನು ಯಾರು ಕೊಳ್ಳಲಿದ್ದಾರೆ ಎಂದು ಕಾಕಾನೋ ಮಾಮಾನೋ ಸಲಿಗೆಯಿಂದ ಕೇಳಿಬಿಡುತ್ತಾರೆ. ಸೆಬಿಯ 2015ರ ನಿಯಮಗಳ ಪ್ರಕಾರ ಹಾಗೆ ಒಳಗಿನ ಸುದ್ದಿ ಹೇಳುವುದೂ ಅಪರಾಧ, ಕೇಳಿ ಶೇರು ಕೊಳ್ಳುವುದೂ ಅಪರಾಧ. ಮನೆಯವರ ವ್ಯವಹಾರವನ್ನೂ ಪರಿಶೀಲಿಸುತ್ತಾರೆ. ಮೆಕಿನ್ಸಿ ಸಂಸ್ಥೆಗೆ 1994ರಿಂದ 2003ರವರೆಗೆ ಜಗತ್ತಿನ ಮುಖ್ಯಸ್ಥರಾಗಿದ್ದ, ಕೋಲ್ಕತ್ತದಲ್ಲಿ ಹುಟ್ಟಿದ ರಜತ್ ಗುಪ್ತಾ ಅವರು ನಿವೃತ್ತಿಯ ನಂತರ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ನಿರ್ದೇಶಕ ಮಂಡಳಿಯಲ್ಲಿದ್ದರು. ಅಲ್ಲಿನ ಗುಟ್ಟನ್ನು ಶೇರು ವ್ಯವಹಾರದ ಮಿತ್ರರಿಗೆ ತಿಳಿಸಿದರೆಂದು 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಿ ಎರಡು ವರ್ಷದ ಸೆರೆಮನೆ ಶಿಕ್ಷೆಯಾಯಿತು. ಅಷ್ಟು ಎತ್ತರ ಏರಿದವರಿಗೂ ಕಾನೂನು ರಿಯಾಯಿತಿ ತೋರಲಿಲ್ಲ. ಮಗ 'ಅದನ್ನು ಹೇಳುವಂತಿಲ್ಲ, ಕಾಕಾ' ಎಂದರೆ ಸಿಟ್ಟಾಗದೆ ಮಾತು ಬದಲಿಸುವುದು ಹಿರಿಯರ ಪಾಲಿನ ಕರ್ತವ್ಯ.

ಯಾರಿಂದ ಹಣ ಬರುತ್ತದೋ ಅವರಿಗೆ ಹಿತವಾದದ್ದನ್ನೇ ಹೇಳುವ ಚಾಪಲ್ಯ ಈ ವೃತ್ತಿಯ ಹಳೆಯ ರೋಗ. ದ್ರಾಕ್ಷಿ ತೋಟದ ಸಲಹೆಗಾರನೇ ಔಷಧದ ಅಂಗಡಿಯನ್ನೂ ಇಟ್ಟಿದ್ದರೆ ತೋಟಕ್ಕೆ ಬೇಕಿಲ್ಲದ ಸಿಂಪರಣೆಯೂ ಚೀಟಿಯಲ್ಲಿ ಸೇರಿಕೊಳ್ಳಬಹುದು. 2001ರಲ್ಲಿ ದಿವಾಳಿಯಾದ ಅಮೆರಿಕದ ಎನ್ರಾನ್ ಕಂಪನಿಯ ಲೆಕ್ಕ ತಪಾಸಣೆ ಮಾಡುತ್ತಿದ್ದ ಆರ್ಥರ್ ಆಂಡರ್ಸನ್ ಸಂಸ್ಥೆ 2000ನೆಯ ಒಂದೇ ವರ್ಷದಲ್ಲಿ ತಪಾಸಣೆಗೆ 2.5 ಕೋಟಿ ಡಾಲರ್, ಸಲಹೆ ಮೊದಲಾದ ಇತರ ಸೇವೆಗಳಿಗೆ 2.7 ಕೋಟಿ ಡಾಲರ್ ಪಡೆದಿತ್ತು. ತಪ್ಪು ಲೆಕ್ಕ ತಪಾಸಕರ ಕಣ್ಣಿಗೆ ಬೀಳದೆ ಹೋದದ್ದೇಕೆ ಎಂದು ಆಮೇಲೆ ಜಗತ್ತೇ ಕೇಳಿತು, ಸಂಸ್ಥೆಯೂ ಉಳಿಯಲಿಲ್ಲ. ನಮ್ಮ ದೇಶದ 2013ರ ಕಂಪನಿ ಕಾಯಿದೆಯ 144ನೆಯ ಕಲಮು, ಲೆಕ್ಕ ತಪಾಸಕರು ಅದೇ ಕಂಪನಿಗೆ ಆಡಳಿತ ಸಂಬಂಧಿ ಸೇವೆಗಳನ್ನು ಕೊಡದಂತೆ ತಡೆಯುತ್ತದೆ. ಸಿ.ಎ. ಮಾಡಿ ಕನ್ಸಲ್ಟಿಂಗಿಗೆ ಹೋಗುವ ಮಕ್ಕಳು ಈ ಗೆರೆಯನ್ನು ಮರೆಯಬಾರದು.

ಹಣದ ಮಾತು. ಪತ್ರಿಕೆಗಳಲ್ಲಿ ಬರುವ ಲಕ್ಷಗಳ ಅಂಕಿ 'ಸಿ.ಟಿ.ಸಿ.'ಯದು. ಸೇರುವಾಗ ಒಂದೇ ಸಲ ಕೊಡುವ ಮೊತ್ತ, ಕೆಲಸ ನೋಡಿ ಕೊಡುವ ಬೋನಸ್, ಭವಿಷ್ಯನಿಧಿ, ವಿಮೆ ಎಲ್ಲವೂ ಅದರಲ್ಲಿ ಕೂಡಿರುತ್ತದೆ. ತೆರಿಗೆ ಕಳೆದು ಕೈಗೆ ಬರುವುದು ಅದಕ್ಕಿಂತ ಬಹಳ ಕಡಿಮೆ. ಹಾಗೆಂದು ಸಂಬಳ ಸಣ್ಣದಲ್ಲ. ಆದರೆ ಅಲ್ಲಿಗೆ ತಲುಪುವ ದಾರಿಗೂ ಖರ್ಚಿದೆ. ಅಹಮದಾಬಾದು, ಬೆಂಗಳೂರು, ಕೋಲ್ಕತ್ತದ ಐ.ಐ.ಎಂ.ಗಳಲ್ಲಿ ಎರಡು ವರ್ಷದ ಶುಲ್ಕ ಇಪ್ಪತ್ತು ಲಕ್ಷ ದಾಟಿದೆ. ತೋಟದ ಸಾತ್‌ಬಾರಾ ಅಡವಿಟ್ಟು ಸಾಲ ತೆಗೆಯಲೇ ಎಂದು ಜತ್ತ ತಾಲೂಕಿನ ಒಬ್ಬ ತಂದೆ ಬರೆದಿದ್ದಾರೆ. ಬೇಡವೆಂದು ನಮ್ಮ ಉತ್ತರ. ಇಂಥ ಸಂಸ್ಥೆಗಳಲ್ಲಿ ಪ್ರವೇಶ ಸಿಕ್ಕವರಿಗೆ ಹಲವು ಬ್ಯಾಂಕುಗಳು ಅಡವು ಕೇಳದೆ ಶಿಕ್ಷಣ ಸಾಲ ಕೊಡುತ್ತವೆ. ಅಡವು ಕೇಳಿದರೆ ಇನ್ನೊಂದು ಬ್ಯಾಂಕಿಗೆ ಹೋಗಿ. ಹೆಸರಿಲ್ಲದ ಕಾಲೇಜಿನಲ್ಲಿ ಎಂ.ಬಿ.ಎ. ಮಾಡಿಸಲು ಮಾತ್ರ ಅಡವಿಟ್ಟಾದರೂ ಸರಿ, ಇಡದೆಯಾದರೂ ಸರಿ, ಅಷ್ಟು ಸಾಲ ಮಾಡಬೇಡಿ. ಆಯ್ಕೆಗೆ ಬರುವ ದೊಡ್ಡ ಸಂಸ್ಥೆಗಳು ಕೆಲವೇ ಕಾಲೇಜುಗಳ ಬಾಗಿಲಿಗೆ ಹೋಗುತ್ತವೆ.

ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯಿಂದ ಈ ಉದ್ಯೋಗವೇ ಹೋಗುತ್ತದೆಯೇ ಎಂದು ಕೆಲವರಿಗೆ ಚಿಂತೆಯಿದೆ. ಹೊಸಬರು ಮಾಡುತ್ತಿದ್ದ ಮಾಹಿತಿ ಹುಡುಕುವ, ಟಿಪ್ಪಣಿ ಬರೆಯುವ, ಚಿತ್ರಪಟ ತಯಾರಿಸುವ ಕೆಲಸದಲ್ಲಿ ಒಂದು ಭಾಗವನ್ನು 2023ರಿಂದೀಚೆಗೆ ಯಂತ್ರ ಮಾಡತೊಡಗಿದೆ. ಯಂತ್ರ ಕೊಟ್ಟ ಅಂಕಿ ಸರಿಯೇ ಎಂದು ಗೋದಾಮಿಗೆ ಹೋಗಿ ಎಣಿಸಿ ನೋಡುವವರು ಮಾತ್ರ ಬೇಕಾಗಿಯೇ ಇದ್ದಾರೆ.

ದೊಡ್ಡ ಸಂಸ್ಥೆಯಲ್ಲಿ ಪಳಗಿ, ನಲವತ್ತರ ಹೊತ್ತಿಗೆ ಊರಿಗೆ ಹತ್ತಿರದ ಪೇಟೆಯಲ್ಲಿ ಸ್ವಂತ ಸಲಹಾ ವೃತ್ತಿ ಹಿಡಿಯುವವರೂ ಉಂಟು. ನಮಗೆ ಬಹಳ ಮೆಚ್ಚಿಗೆಯಾದ ದಾರಿ ಇದು. ಗಿರಣಿ, ಮಗ್ಗ, ಸಹಕಾರಿ ಸಂಘಗಳಿಗೆ ಇಂಥವರ ಅಗತ್ಯ ಬಹಳವಿದೆ. ಕಷ್ಟ ಬರುವುದು ಫೀ ವಸೂಲಿಯಲ್ಲಿ. ಸಾಮಾನು ಕೊಟ್ಟರೆ ಹಣ ಕೊಡುವವರು ಮಾತಿಗೆ ಹಣ ಕೊಡಲು ಹಿಂದೆಮುಂದೆ ನೋಡುತ್ತಾರೆ. ಆದ್ದರಿಂದ ಕೆಲಸ ಏನು, ಎಷ್ಟು ದಿನ, ಫೀ ಎಷ್ಟು ಎಂಬುದನ್ನು ಬರೆದು ಸಹಿ ಮಾಡಿಸಿಕೊಂಡು, ಒಂದು ಭಾಗವನ್ನು ಮುಂಗಡ ಪಡೆದೇ ಆರಂಭಿಸಬೇಕು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯೆಂದು 'ಉದ್ಯಮ್' ನೋಂದಣಿ ಮಾಡಿಸಿಕೊಂಡರೆ, 2006ರ ಕಾಯಿದೆಯಂತೆ ಗಿರಾಕಿ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕಾಗುತ್ತದೆ. ಅಣ್ಣತಮ್ಮಂದಿರ, ಬೀಗರ ಕಂಪನಿಗೆ ಸಲಹೆ ಕೊಡುವಾಗಲೂ ಕಾಗದ ಬಿಡಬಾರದು.

ಕೊನೆಯದಾಗಿ ಆದೋನಿಯ ಓದುಗ ತಾಯಿಯೊಬ್ಬರ ಪ್ರಶ್ನೆ. ಮಗಳು ಇಂಥ ಒಂದು ಸಂಸ್ಥೆಗೆ ಸೇರಿ ವರ್ಷವಾಗಿದೆ, ವಾರದಲ್ಲಿ ನಾಲ್ಕು ದಿನ ಹೊರ ಊರು, ನೋಡಲು ಬರುವ ಗಂಡಿನ ಕಡೆಯವರಿಗೆ ಏನೆಂದು ಹೇಳಲಿ ಎಂದು ಅವರು ಕೇಳಿದ್ದಾರೆ. ಇದ್ದದ್ದನ್ನು ಇದ್ದಂತೆ ಹೇಳಿರಿ, ಅಮ್ಮಾ. ಯಾವ ದಿನ ಹೋಗುತ್ತಾಳೆ, ಯಾವ ದಿನ ಬರುತ್ತಾಳೆ, ಎಲ್ಲಿ ಇಳಿದುಕೊಳ್ಳುತ್ತಾಳೆ, ಇನ್ನೆಷ್ಟು ವರ್ಷ ಹೀಗೆ ಮಾಡುವ ಯೋಚನೆಯಿದೆ ಎಂಬುದನ್ನು ಮಗಳೇ ಅವರಿಗೆ ಹೇಳಲಿ. ಗಂಡಿನ ಕೆಲಸದ ವೇಳೆಯನ್ನೂ ನೀವು ಅಷ್ಟೇ ವಿವರವಾಗಿ ಕೇಳಿರಿ. ಒಪ್ಪದವರು ಕಾಫಿ ಕುಡಿದು ಹೋಗುತ್ತಾರೆ. ಒಪ್ಪಿದವರೊಡನೆ, ಮದುವೆಯ ನಂತರದ ಮೊದಲ ವರ್ಷ ಪ್ರಯಾಣ ಕಡಿಮೆಯಿರುವ ಕೆಲಸ ಕೊಡಿರೆಂದು ಸಂಸ್ಥೆಯನ್ನು ಕೇಳಿಕೊಳ್ಳಲು ಸಾಧ್ಯವೇ ಎಂಬುದನ್ನು ಮಗಳು ಈಗಲೇ ವಿಚಾರಿಸಿಟ್ಟುಕೊಳ್ಳಲಿ. ಮುಂದಿನ ಯೋಜನೆಗೆ ಯಾರನ್ನು ಹಾಕಬೇಕೆಂಬುದನ್ನು ಸಂಸ್ಥೆಯವರು ಮೊದಲೇ ಗೊತ್ತುಮಾಡುತ್ತಾರೆ, ಆದ್ದರಿಂದ ಲಗ್ನಪತ್ರಿಕೆ ಅಚ್ಚಾಗುವವರೆಗೆ ಕಾಯುವುದು ಬೇಡ.